ಆಳಿನ ಲೆಕ್ಕ ಬಿಟ್ಟು ಒಲೆಯ ಲೆಕ್ಕ ಹಿಡಿದದ್ದು: ಜೀತ ಬಿಡಿಸುವ ಕೆಲಸದ ಅನುಭವ

"ಒಬ್ಬನ್ನ ಹೊರಗ ತರೂದಕ್ಕ ಆರು ತಿಂಗಳ ಹಿಡಿತೈತಿ, ನೀವು ಅಜ್ಜಿ, ಕೂಸು, ಆಡು ಸುದ್ದಾ ಕಟಗೊಂಡು ಹೊಂಟೀರಿ?" ಜೀತಕ್ಕೆ ಬಿದ್ದವರನ್ನು ಒಬ್ಬೊಬ್ಬರಾಗಿ ಅಲ್ಲ, ಒಂದು ಒಲೆಯಲ್ಲಿ ಉಣ್ಣುವವರನ್ನೆಲ್ಲ ಒಟ್ಟಿಗೆ ಬಿಡಿಸಬೇಕು ಅನ್ನುವ ಒಲೆ ಲೆಕ್ಕದ ಮಾತು ತೆಗೆದಾಗ ನಮ್ಮದೇ ಕೆಲಸದವರು ಹೀಗೆ ನಕ್ಕಿದ್ದರು. ಈಗ ಹಾವೇರಿ, ಗದಗ, ಧಾರವಾಡ ಮೂರೂ ಕಡೆ ಸೇರಿ ಹನ್ನೊಂದು ಒಲೆ ಹೊರಗೆ ಬಂದಿವೆ. ವಾಪಸ್ ಹೋದದ್ದು ಒಂದು. ಹಳೆಯ ಪದ್ಧತಿಯಲ್ಲಿ ಆಳಿಗೊಂದು ಅರ್ಜಿ ಕೊಟ್ಟು ಬಿಡಿಸಿದವರು ಹದಿನಾಲ್ಕೋ ಹದಿನೈದೋ ಮಂದಿ. ಅವರಲ್ಲಿ ಒಂಬತ್ತು ಜನ ಮುಂದಿನ ಉಗಾದಿಯೊಳಗೆ ಅದೇ ಕೊಟ್ಟಿಗೆಗೆ ಇಲ್ಲವೇ ಅದೇ ಇಟ್ಟಂಗಿ ಭಟ್ಟಿಗೆ ಹೋಗಿ ನಿಂತಿದ್ದರು. ನಕ್ಕವರೇ ಈಗ ನಮ್ಮ ಪಟ್ಟಿಯ ಜೆರಾಕ್ಸ್ ಕೇಳುತ್ತಿದ್ದಾರೆ. ಅದಕ್ಕೇ ಬರೆದಿಟ್ಟದ್ದು. ಕಾಯ್ದೆಯನ್ನು ಮೊದಲಿನಿಂದ ಹೇಳುತ್ತಾ ಕೂಡುವುದಿಲ್ಲ, ಬೇಕಾದ ಕಡೆ ಬೇಕಾದಷ್ಟು. ಈ ಕೆಲಸದವರಿಗೆ ಅದು ಬಾಯಿಪಾಠ.

ಕೆಟ್ಟ ಕೆಲಸಗಳನ್ನೇ ಮೊದಲು ಹೇಳಬೇಕು, ರೊಕ್ಕ ಹೋದದ್ದು ಅಲ್ಲೇ.

ಸವಣೂರ ಕಡೆಯ ಒಬ್ಬ ಸಂಬಳದಾಳಿನ (ವರ್ಷಕ್ಕಿಷ್ಟು ಅಂತ ಮುಂಗಡ ತೆಗೆದು ದುಡಿಯುವ ಹೊಲದಾಳು) ಮೇಲೆ 42 ಸಾವಿರ ಬಾಕಿ ಇತ್ತು. ನಾಲ್ಕು ಕಡೆ ಕೈಯೊಡ್ಡಿ ಆ ರೊಕ್ಕ ಕೂಡಿಸಿ ಕಟ್ಟಿ ಅವನನ್ನು ಬಿಡಿಸಲಾಯಿತು. ಆಗ ಅದು ದೊಡ್ಡ ಪುಣ್ಯದ ಕೆಲಸ ಅನ್ನಿಸಿತ್ತು. ನಿಜಕ್ಕೂ ಆದದ್ದು ಬೇರೆ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ 6ನೆಯ ಕಲಂ ಆ ಸಾಲ ತೀರಿಸುವ ಹೊಣೆಯನ್ನೇ ಕಿತ್ತುಹಾಕಿದೆ; 9ನೆಯ ಕಲಂ ಪ್ರಕಾರ ಅದನ್ನು ಇಸಗೊಂಡವನೇ ಅಪರಾಧಿ. ಸತ್ತ ಸಾಲಕ್ಕೆ ನಾವೇ ನೀರು ಕುಡಿಸಿ ಎಬ್ಬಿಸಿದೆವು. ಮೇಲಾಗಿ ರೊಕ್ಕ ಮುಟ್ಟಿದ ಚಿಟ್ಟಿ ಕಡತ ಸೇರಿದ ಕೂಡಲೇ ಇಡೀ ಪ್ರಕರಣ "ಕೈಗಡ ವ್ಯವಹಾರ, ಬಗೆಹರಿದಿದೆ" ಅಂತಾಯಿತು. ಜೀತದಿಂದ ಬಿಡುಗಡೆ ಆಯಿತು ಅಂತ ಸರ್ಕಾರ ಕೊಡುವ ಬಿಡುಗಡೆ ಪತ್ರವೂ ಇಲ್ಲ, ಪುನರ್ವಸತಿಯೂ ಇಲ್ಲ. ಆ 42 ಸಾವಿರವನ್ನು ಧಣಿ ಮಾಡಿದ್ದೇನು? ಉಗಾದಿಗೆ ಪಕ್ಕದ ಓಣಿಯ ಇನ್ನೊಂದು ಮನೆಯ ಹುಡುಗನಿಗೆ ಮುಂಗಡ ಕೊಟ್ಟ. ನಾವು ಕೂಡಿಸಿದ ರೊಕ್ಕದಲ್ಲೇ ಹೊಸ ಜೀತ ಶುರುವಾಯಿತು. ಅಂದಿನಿಂದ ಸಾಲದ ಬಾಬ್ತು ಯಾರ ಕೈಗೂ ಒಂದು ರೂಪಾಯಿ ಹೋಗಿಲ್ಲ.

ಎರಡನೆಯ ತಪ್ಪು ಹೆಚ್ಚು ಸಲ ಆದದ್ದು. ಹೊಲದಾಳು ಮುಂದೆ ಬಂದು ಹೇಳಿಕೆ ಕೊಡುತ್ತಾನೆ, ಬಿಡುಗಡೆ ಪತ್ರ ಸಿಗುತ್ತದೆ, ಮನೆಗೆ ಬರುತ್ತಾನೆ. ಎಂಟು-ಹತ್ತು ದಿನಕ್ಕೆ ಮಾಯ. ನೋಡಿದರೆ ತಾನಾಗಿಯೇ ವಾಪಸ್ ಹೋಗಿರುತ್ತಾನೆ. ಯಾಕೆ ಅಂದರೆ, ಅವನು ಹೊರಬಿದ್ದ ಮರುದಿನವೇ ಅವನ ತಮ್ಮನನ್ನು ಎತ್ತು ಕಾಯಲು ಹಚ್ಚಿರುತ್ತಾರೆ. ಹದಿಮೂರು ವರ್ಷದ ತಮ್ಮ ಸಗಣಿ ಬಾಚುವುದನ್ನು ನೋಡಿಕೊಂಡು ಅಣ್ಣನಾದವನು ಮನೆಯಲ್ಲಿ ರೊಟ್ಟಿ ತಿನ್ನುತ್ತಾನೆಯೆ? "ಅವನ್ನ ಬಿಡ್ರಿ, ನಾ ಬರ್ತೇನಿ" ಅಂತ ಹೋಗಿ ನಿಲ್ಲುತ್ತಾನೆ. ಕಚೇರಿಯವರ ಕಣ್ಣಿಗೆ ಇದು "ಸ್ವಇಚ್ಛೆಯಿಂದ ಮರಳಿದ್ದಾನೆ." ಮುಂದಿನ ಅರ್ಜಿಗೆ ಬೆಲೆ ಇಲ್ಲ.

ಮೂರನೆಯದು ಹುಬ್ಬಳ್ಳಿ ಸುತ್ತಿನ ಒಂದು ಇಟ್ಟಂಗಿ ಭಟ್ಟಿ. ದಾಳಿಯ ಸುದ್ದಿ ಹಿಂದಿನ ರಾತ್ರಿಯೇ ಸೋರಿತ್ತು. ತಂಡ ಹೋದಾಗ ಆರು ಜೋಡಿ ಕೂಲಿಗಳು ಸಾಲಾಗಿ ನಿಂತು "ನಮ್ಮ ಖುಷಿಲೇ ಬಂದೇವ್ರಿ, ಏನೂ ತ್ರಾಸಿಲ್ಲ" ಅಂದರು. ಹೆದರಿಸಿದ್ದಾರೆ ಅಂತ ನಾವೂ ಅಂದುಕೊಂಡು ಸುಮ್ಮನಾದೆವು. ಆಮೇಲೆ ತಿಳಿದದ್ದು: ಪ್ರತಿ ಜೋಡಿಯ ಒಂದೊಂದು ಮಗುವನ್ನು, ಒಂದು ಮನೆಯ ಮುದುಕಿಯನ್ನು ರಾತ್ರಿ ಟ್ರ್ಯಾಕ್ಟರಿನಲ್ಲಿ ಇನ್ನೊಂದು ಭಟ್ಟಿಗೆ ಸಾಗಿಸಿದ್ದರು. ಮಗು ಎಲ್ಲಿದೆ ಅಂತ ಒಬ್ಬರೂ ಕೇಳಿರಲಿಲ್ಲ, ನಾವೂ ಸೇರಿದಂತೆ. ಬಂದವರನ್ನು ಎಣಿಸುವುದೇ ರೂಢಿ. ಯಾರು ಕಾಣುತ್ತಿಲ್ಲ ಅಂತ ಎಣಿಸುವ ರೂಢಿ ಯಾರಿಗೂ ಇರಲಿಲ್ಲ.

ಮೂರೂ ಕಡೆ ಗಂಟು ಒಂದೇ. ಒಳಗೆ ಉಳಿದ ಒಬ್ಬರ ಸಲುವಾಗಿ ಹೊರಗೆ ಬಂದವರು ತಿರುಗಿ ಹೋಗುತ್ತಾರೆ. ಧಣಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು. ಬೀಗ, ಬೇಲಿ ಯಾವುದೂ ಅವನಿಗೆ ಬೇಕಿಲ್ಲ. ಕಾಯ್ದೆ ಬರೆದವರಿಗೂ ಗೊತ್ತಿತ್ತು ಅಂತ ಕಾಣುತ್ತದೆ. 2(ಜಿ) ಕಲಂ ತೆಗೆದು ನಿಧಾನ ಓದಿ: ತಾನು ತೆಗೆದ ಸಾಲ ಮಾತ್ರವಲ್ಲ, ತಂದೆ-ತಾತ, ಮಕ್ಕಳು ತೆಗೆದದ್ದೂ ಬರುತ್ತದೆ, ತಾನು ದುಡಿಯುವುದಷ್ಟೇ ಅಲ್ಲ, ಮನೆಯವರ ಕೈಲಿ, ತನ್ನನ್ನು ನಂಬಿದವರ ಕೈಲಿ ದುಡಿಸುವುದೂ ಬರುತ್ತದೆ, ಸಾಲಗಾರ ತೀರಿಸದಿದ್ದರೆ ಅವನ ಬದಲು ತಾನು ದುಡಿಯುತ್ತೇನೆ ಅಂತ ಒಪ್ಪಿದ ಜಾಮೀನುದಾರನೂ ಬರುತ್ತಾನೆ. ಇಡೀ ಮನೆಯನ್ನು ಹಿಡಿಯುವ ಕಲಂ ಕೈಯಲ್ಲಿದ್ದೂ ನಾವು ವರ್ಷಗಟ್ಟಲೆ ಒಬ್ಬೊಬ್ಬರ ಹೆಸರಿನ ಅರ್ಜಿ ಬರೆಯುತ್ತಿದ್ದೆವು.

ಪಟ್ಟಿಯ ವಿಷಯಕ್ಕೆ ಬರೋಣ. ಒಂದು ಒಲೆಗೆ ಒಂದು ಹಾಳೆ. ಕುಟುಂಬ ಅಂತ ಬರೆದರೆ ರೇಷನ್ ಕಾರ್ಡಿನಲ್ಲಿ ಇದ್ದವರಷ್ಟೇ ಬರುತ್ತಾರೆ, ಅದಕ್ಕೇ ಒಲೆ: ಒಂದೇ ಒಲೆಯ ರೊಟ್ಟಿ ತಿನ್ನುವವರೆಲ್ಲ, ಇವತ್ತು ಊರಲ್ಲಿ ಇರಲಿ ಬಿಡಲಿ. ಏಳು ಕಾಲಂ. ಹೆಸರು-ವಯಸ್ಸು. ರೊಕ್ಕ ಇಸಗೊಂಡವರು ಯಾರು. ದುಡಿಯುವವರು ಯಾರು. ಯಾರ ಬದಲಿಗೆ. ಜಾಮೀನು ಯಾರು. ಇವತ್ತು ರಾತ್ರಿ ಎಲ್ಲಿ ಮಲಗುತ್ತಾರೆ. ಕೊನೆಯದು ಸಾಮಾನು: ಆಧಾರ್, ರೇಷನ್ ಕಾರ್ಡು, ಎಟಿಎಂ, ಆಡು-ಕೋಳಿ, ಪಾತ್ರೆ ಯಾರ ಸುಪರ್ದಿಯಲ್ಲಿ.

"ಇವತ್ತು ರಾತ್ರಿ ಎಲ್ಲಿ ಮಲಗುತ್ತಾರೆ" ಅನ್ನುವ ಕಾಲಂ ಸುಮ್ಮನೆ ಇಟ್ಟದ್ದಲ್ಲ. ಗಂಡ-ಹೆಂಡತಿ ಹೊಲದ ಗುಡಿಸಲಿನಲ್ಲಿ, ಅಜ್ಜಿ ಊರ ಮನೆಯಲ್ಲಿ, ಹುಡುಗ ಕುರಿ ಹಿಂಡಿನ ಜೊತೆ ಯಾವ ಊರ ಹೊಲದಲ್ಲೋ, ಹುಡುಗಿ ಧಣಿಯ ಮಗಳ ಹುಬ್ಬಳ್ಳಿ ಮನೆಯಲ್ಲಿ ಕೂಸು ಆಡಿಸುತ್ತ. ಇಂಥ ಒಲೆಯೇ ಹೆಚ್ಚು. ಹುಬ್ಬಳ್ಳಿಯ ಆ ಹುಡುಗಿಯನ್ನು ಯಾರೂ ಜೀತ ಅನ್ನುವುದಿಲ್ಲ. "ಸಾಲಿ ಕಲಸ್ತಾರಂತ ಕಳಿಸೇವಿ" ಅನ್ನುತ್ತಾರೆ. ಆದರೆ ಅವಳೇ ಇಡೀ ಮನೆಯ ಒತ್ತೆ.

ಹಾಳೆ ತುಂಬುವಾಗ "ನೀವು ಜೀತದಾಗ ಅದೀರೇನು?" ಅಂತ ಕೇಳಿದರೆ ಕೆಲಸ ಕೆಟ್ಟಿತು. "ಜೀತ ಎಲ್ಲಿದ್ರಿ ಈಗ, ಸಂಬಳಕ್ಕ ಅದಾನ" ಅನ್ನುವುದೇ ಉತ್ತರ. ಆ ಉತ್ತರ ಕಚೇರಿಯವರ ಮುಂದೆಯೂ ಹಾಗೇ ಬರುತ್ತದೆ. ನಮಗೆ ಕೆಲಸ ಕೊಟ್ಟ ಪ್ರಶ್ನೆ ಒಂದೇ: "ನಾಳೆ ನೀವು ಬ್ಯಾರೆ ಕಡೆ ಕೂಲಿಗೆ ಹೋದ್ರ ಯಾರನ್ನ ಕೇಳಾಕ ಬರ್ತಾರ?" ಗಂಡಸರು ಯೋಚಿಸಿ ಉತ್ತರ ಕೊಡುತ್ತಾರೆ, ಹೆಣ್ಣುಮಕ್ಕಳು ಥಟ್ಟನೆ ಹೇಳುತ್ತಾರೆ: "ನಮ್ಮ ತಮ್ಮನ್ನ ಕೇಳ್ತಾರ್ರಿ, ಅವನs ನಡಕ ಮಾತಾಡಿ ರೊಕ್ಕ ಕೊಡಿಸ್ಯಾನ." ಅಲ್ಲಿಗೆ ಜಾಮೀನು ಸಿಕ್ಕಿತು. ಬಹಳ ಸಲ ಈ ಜಾಮೀನುದಾರ ಸೋದರಮಾವ. ಅವನನ್ನು ಬಿಟ್ಟು ಒಲೆ ಎತ್ತಿದರೆ, ಅಂದರೆ ಮನೆಯವರನ್ನೆಲ್ಲ ಹೊರಗೆ ತಂದರೆ, ಅವನ ಎತ್ತು ಹೊಡೆದುಕೊಂಡು ಹೋಗುತ್ತಾರೆ. ಅಕ್ಕನಾದವಳು ಅದನ್ನು ತಡೆಯುವುದಿಲ್ಲ. ಮತ್ತೆ ಹೊಲದ ಗುಡಿಸಲೇ ಗತಿ. ಹಾಗಾಗಿ ಜಾಮೀನುದಾರನ ಹೆಸರೂ ಅರ್ಜಿಯಲ್ಲಿ ಬರಬೇಕು, ಅವನ ಹೇಳಿಕೆಯೂ ಅದೇ ದಿನ ಆಗಬೇಕು.

ಹಾಳೆಗೆ ಎರಡು ಭೇಟಿ ಸಾಲದು. ನಮ್ಮ ಸರಾಸರಿ ಐದು. ಅತ್ತೆ ಮುಂದೆ ಸೊಸೆ ಬಾಯಿ ಬಿಡುವುದಿಲ್ಲ, ಗಂಡನ ಮುಂದೆ ಇಬ್ಬರೂ ಬಿಡುವುದಿಲ್ಲ. ಎಲ್ಲಿ, ಯಾವ ಹೊತ್ತಿಗೆ ಮಾತಾಡಿಸಬೇಕು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಭಟ್ಟಿಯವರೂ ಕನ್ನಡ ಓದುತ್ತಾರೆ.

ಇನ್ನು ಲೆಕ್ಕದ ವಹಿ. ಒಂದು ಭಟ್ಟಿಯ ಲೆಕ್ಕ ಹಾಗೇ ಬಿಡಿಸಿ ಇಡುತ್ತೇನೆ, ಅಂಕಿ ನೆನಪಿನ ಮೇಲೆ. ಗಂಡ-ಹೆಂಡತಿಗೆ ಮುಂಗಡ 60 ಸಾವಿರ. ಬಾಯಿಮಾತಿನ ದರ ಸಾವಿರ ಇಟ್ಟಂಗಿಗೆ 700. ಇಬ್ಬರೂ ಸೇರಿ ದಿನಕ್ಕೆ ಸಾವಿರದ ಆಜುಬಾಜು ಹಾಕುತ್ತಾರೆ. ವಾರಕ್ಕೆ ಆರು ದಿನ, ಆರು ಸಾವಿರ ಇಟ್ಟಂಗಿ, 4,200 ರೂಪಾಯಿ. ಸಂತಿ ರೊಕ್ಕ ಅಂತ 1,000 ಕೈಗೆ ಕೊಡುತ್ತಾರೆ. ಉಳಿದ 3,200 ಮುಂಗಡಕ್ಕೆ ಮುರಿಯಬೇಕು. ಇಪ್ಪತ್ತು ವಾರಕ್ಕೆ 64 ಸಾವಿರ. ಅಂದರೆ ಮುಂಗಡ ತೀರಿ ಭಟ್ಟಿಯವರೇ ನಾಲ್ಕು ಸಾವಿರ ಕೊಡಬೇಕು. ವಹಿಯಲ್ಲಿ ಇದ್ದದ್ದು: ಬಾಕಿ 38 ಸಾವಿರ. ಹೇಗೆ ಬಂತು ನೋಡಿ. ವಹಿಯಲ್ಲಿ ಬರೆದ ದರ 500. ಸಾವಿರದಲ್ಲಿ 150 "ಒಡಕು, ಮಳಿಗೆ ಕರಗಿದ್ದು" ಅಂತ ತೆಗೆದು 850. ವಾರಕ್ಕೆ 5,100 ಇಟ್ಟಂಗಿ, 2,550 ರೂಪಾಯಿ, ಸಂತಿ ರೊಕ್ಕ ಹೋಗಿ 1,550. ಇಪ್ಪತ್ತು ವಾರಕ್ಕೆ 31 ಸಾವಿರ ಮುರಿದು ಬಾಕಿ 29. ಅದರ ಮೇಲೆ ದವಾಖಾನಿ, ಹಬ್ಬ, ಅಕ್ಕಿ ಅಂತ ಒಂಬತ್ತು. ಹಸಿ ಇಟ್ಟಂಗಿ ಒಣಗಲು ಹೊರಳಿಸಿದ್ದು ಒಂಬತ್ತು ವರ್ಷದ ಮಗ, ಅದಕ್ಕೆ ವಹಿಯಲ್ಲಿ ಸಾಲೇ ಇಲ್ಲ.

ಈ ವಹಿ ಕೈಗೆ ಸಿಗುವುದಿಲ್ಲ ಅಂತ ಎಲ್ಲರೂ ಕೈಚೆಲ್ಲುತ್ತಾರೆ. ಸಿಗುತ್ತದೆ. ಹೇಗೆ ಅನ್ನುವುದು ನಮ್ಮ ಹತ್ತಿರವೇ ಇರಲಿ. ಸಿಗದಿದ್ದರೂ ಕೆಲಸ ನಿಲ್ಲುವುದಿಲ್ಲ, ಯಾಕಂದರೆ 15ನೆಯ ಕಲಂ ಪ್ರಕಾರ ಅದು ಜೀತದ ಸಾಲ ಅಲ್ಲ ಅಂತ ತೋರಿಸುವ ಭಾರ ರೊಕ್ಕ ಕೊಟ್ಟವನದು. ಬಂಧುವಾ ಮುಕ್ತಿ ಮೋರ್ಚಾ ಪ್ರಕರಣದಲ್ಲಿ 1983ರಲ್ಲಿಯೇ ಸುಪ್ರೀಂ ಕೋರ್ಟು ಬಲವಂತದ ದುಡಿಮೆ ಕಂಡರೆ ಹಿಂದೆ ಮುಂಗಡ ಇದೆ ಅಂತಲೇ ಹಿಡಿಯಬೇಕು ಅಂದಿದೆ. ಈ ಎರಡು ಮಾತನ್ನು ಅರ್ಜಿಯ ಮೊದಲ ಪುಟದಲ್ಲೇ ಹಾಕಿ. ಕೊನೆಗೆ ಹಾಕಿದರೆ ಓದುವುದಿಲ್ಲ.

ಹೊಲದಾಳಿನ ಲೆಕ್ಕ ಇದಕ್ಕಿಂತ ಸರಳ, ಇದಕ್ಕಿಂತ ಹರಿತ. ಉಗಾದಿಯಿಂದ ಉಗಾದಿಗೆ 45 ಸಾವಿರ ಅಂತ ಮಾತಾಗಿರುತ್ತದೆ. 365ರಿಂದ ಭಾಗಿಸಿದರೆ ದಿನಕ್ಕೆ 123 ರೂಪಾಯಿ. ಗೈರಾದ ದಿನಕ್ಕೆ ಮುರಿಯುವುದು ಎಷ್ಟು ಕೇಳಿ: 400. ಬದಲಿ ಆಳು ಹಚ್ಚಿದ ಕೂಲಿ ಅದು ಅನ್ನುತ್ತಾರೆ. ಅಂದರೆ ಒಂದು ದಿನ ಜ್ವರ ಬಂದು ಮಲಗಿದರೆ ಮೂರು ದಿನಕ್ಕೂ ಮಿಕ್ಕಿದ ದುಡಿಮೆ ಹೋಯಿತು. ಅರ್ಜಿಯಲ್ಲಿ ಈ ಎರಡು ಅಂಕಿಯನ್ನು ಅಕ್ಕಪಕ್ಕ ಬರೆದು, ಕೆಳಗೆ ಆ ವರ್ಷದ ಕನಿಷ್ಠ ಕೂಲಿ ಅಧಿಸೂಚನೆಯ ದರ ಬರೆಯಿರಿ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದೂ ಸಂವಿಧಾನದ 23ನೆಯ ವಿಧಿ ತಡೆದ ಬಲವಂತದ ದುಡಿಮೆ ಅಂತ 1982ರ ಏಷ್ಯಾಡ್ (ದಿಲ್ಲಿಯ ಏಷ್ಯನ್ ಕ್ರೀಡಾಕೂಟ) ಕಾರ್ಮಿಕರ ಪ್ರಕರಣದಲ್ಲಿ ತೀರ್ಪಾಗಿದೆ. "ಹೊಡೀತಾರ, ಬಡೀತಾರ" ಅಂತ ಒಂದು ಪುಟ ಬರೆಯುವುದಕ್ಕಿಂತ 123 ಮತ್ತು 400 ಹೆಚ್ಚು ಕೆಲಸ ಮಾಡುತ್ತವೆ. ಒಬ್ಬ ಹಿರಿಯ ಅಧಿಕಾರಿ ಹಾಳೆ ಕೆಳಗಿಟ್ಟು ತಾನೇ ಮೊಬೈಲಿನಲ್ಲಿ ಭಾಗಾಕಾರ ಮಾಡಿ ನೋಡಿದರು. ಆ ಕಡತ ಅಂದೇ ಮುಂದೆ ಹೋಯಿತು.

ಅರ್ಜಿ ಒಲೆಗೆ ಒಂದೇ, ಹೆಸರು ಎಲ್ಲರದು. ಜಿಲ್ಲಾಧಿಕಾರಿಗೆ ಮತ್ತು ಉಪವಿಭಾಗಾಧಿಕಾರಿಗೆ; ಅದರ ನಕಲು ತಾಲೂಕು ಪಂಚಾಯಿತಿಗೆ, ಕಾರ್ಮಿಕ ಇಲಾಖೆಗೆ, ಪೊಲೀಸ್ ವರಿಷ್ಠಾಧಿಕಾರಿಗೆ. ಹಾವೇರಿ ಜಿಲ್ಲೆಯಲ್ಲಿ ಕೆಲಸ ಮಾಡುವವರು ಊರು ಹಾವೇರಿ ಉಪವಿಭಾಗಕ್ಕೆ ಬರುತ್ತದೋ ಸವಣೂರಿಗೋ ಮೊದಲು ನೋಡಿಕೊಳ್ಳಿ. ಜಿಲ್ಲಾಧಿಕಾರಿ ಕಚೇರಿ ಇರುವ ದೇವಗಿರಿಯಲ್ಲಿ ಕೊಟ್ಟು ಸವಣೂರಿಗೆ ಹೋಗಲಿ ಅಂತ ಬಿಟ್ಟರೆ ವಾರ ಹೋಯಿತು. ಟಪಾಲು ಶಾಖೆಯ ಮುದ್ರೆ, ನಂಬರು ಇಲ್ಲದೆ ಕೆಳಗಿಳಿಯಬೇಡಿ. "ಸಾಲ ಮನ್ನಾ ಮಾಡಿ" ಅನ್ನುವ ಮಾತು ಎಲ್ಲಿಯೂ ಬರಕೂಡದು. ಮನ್ನಾ ಮಾಡಲು ಸಾಲವೇ ಇಲ್ಲ. ಬರೆಯಬೇಕಾದದ್ದು ನಾಲ್ಕು: ಕೂಲಿ ಇಲ್ಲ ಅಥವಾ ಹೆಸರಿಗಷ್ಟೇ, ಬೇರೆ ಕೆಲಸಕ್ಕೆ ಹೋಗುವ ಹಾಗಿಲ್ಲ, ಊರು ಬಿಟ್ಟು ಹೋಗುವ ಹಾಗಿಲ್ಲ, ತಾನು ಬೆಳೆದದ್ದು, ಮಾಡಿದ್ದು ಪೇಟೆ ಬೆಲೆಗೆ ಮಾರುವ ಹಾಗಿಲ್ಲ. ಇವುಗಳಲ್ಲಿ ಒಂದು ಇದ್ದರೂ ಸಾಕು, ನಾಲ್ಕೂ ಬೇಕಿಲ್ಲ. ಈ ಮಾತನ್ನು ತಹಶೀಲ್ದಾರ ಕಚೇರಿಯಲ್ಲಿ ಎಷ್ಟು ಸಲ ಹೇಳಿದ್ದೇವೋ ಲೆಕ್ಕವಿಲ್ಲ. ದುಡಿಯುವವರು ಪರಿಶಿಷ್ಟ ಜಾತಿ-ಪಂಗಡದವರಾಗಿ ದುಡಿಸುವವರು ಅಲ್ಲದಿದ್ದರೆ ದೌರ್ಜನ್ಯ ತಡೆ ಕಾಯ್ದೆಯ 3(1)(ಎಚ್) ಕಲಂ (ಜೀತ, ಬಿಟ್ಟಿ ದುಡಿಮೆ ಮಾಡಿಸುವುದು ಅಪರಾಧ ಅನ್ನುವುದು) ಎಫ್‌ಐಆರಿನಲ್ಲಿ ಬಿಟ್ಟುಹೋಗದ ಹಾಗೆ ಠಾಣೆಯಲ್ಲೇ ಕೂತು ನೋಡಿಕೊಳ್ಳಿ; ಜೀತ ಕಾಯ್ದೆಯ ಅಪರಾಧಗಳಿಗೆ ಜಾಮೀನು ಸಲೀಸು.

ಇನ್ನು ಒಲೆ ಎತ್ತುವ ಹೊತ್ತು. ಹೊಲದಾಳಿಗೆ ಸಂಕ್ರಾಂತಿ ಆದ ಮೇಲೆ, ಉಗಾದಿಗೆ ಮೊದಲು. ಉಗಾದಿ ದಾಟಿದರೆ ಹೊಸ ಮುಂಗಡ ಮನೆಗೆ ಬಂದು ಮದುವೆಗೋ ದವಾಖಾನಿಗೋ ಖರ್ಚಾಗಿರುತ್ತದೆ. ಆಗ ಒಳಗಿನ ಮನಸ್ಸೇ ಎದ್ದು ಬರುವುದಿಲ್ಲ. ಬ್ಯಾಡಗಿ ಕಡೆ ಮೆಣಸಿನಕಾಯಿ ಬಿಡಿಸುವುದು ಮುಗಿದಿರಬೇಕು, ನಡುವೆ ಹೋದರೆ ಧಣಿಯ ಸಿಟ್ಟು ಹತ್ತು ಪಟ್ಟು. ಭಟ್ಟಿಗೆ ಫೆಬ್ರುವರಿ-ಮಾರ್ಚ್. ಮೇ ತಿಂಗಳಿಗೆ ಬಿಟ್ಟರೆ ಮಳೆಗಾಲ ಬಂತು ಅಂತ ಅವರೇ ಊರಿಗೆ ಕಳಿಸುತ್ತಾರೆ, ಬಾಕಿ ಮಾತ್ರ ಮುಂದಿನ ಸಾಲಿಗೆ ಜಗ್ಗುತ್ತದೆ. ತೋರಿಸಲು ಅಲ್ಲಿ ಆಳೇ ಇರುವುದಿಲ್ಲ.

ಒಲೆ ಎತ್ತುವ ದಿನ ತಂಡ ಎರಡು ಇರಲೇಬೇಕು. ಒಂದು ಹೊಲಕ್ಕೆ ಅಥವಾ ಭಟ್ಟಿಗೆ, ಇನ್ನೊಂದು ದೂರ ಇರುವವರ ಕಡೆ. ಹುಬ್ಬಳ್ಳಿಯ ಹುಡುಗಿ, ಕುರಿ ಹಿಂಡಿನ ಹುಡುಗ, ಇವರ ಕಡೆ ಹೋದ ತಂಡ ಕೈಗೆ ಸಿಕ್ಕರು ಅಂದ ಮೇಲೆಯೇ ಹೊಲದ ತಂಡ ಒಳಗೆ ಕಾಲಿಡಬೇಕು. ನಡುವೆ ಅರ್ಧ ತಾಸು ಅಂತರ ಬಿದ್ದರೆ ಒಂದು ಫೋನ್ ಕರೆಗೆ ಹುಡುಗಿ ಬೇರೆ ಮನೆಗೆ ಹೋಗಿರುತ್ತಾಳೆ; ಒಂದು ಸಲ ಇಪ್ಪತ್ತು ನಿಮಿಷಕ್ಕೇ ಹೋಗಿದ್ದಳು. ಕುರಿ ಹಿಂಡು ಹುಡುಕುವುದು ಕಷ್ಟ, ಇವತ್ತು ಲಕ್ಷ್ಮೇಶ್ವರದ ಹತ್ತಿರ ತರುಬಿದರೆ ನಾಲ್ಕು ದಿನಕ್ಕೆ ಮುಂಡರಗಿ ದಾರಿ. ಗೊಬ್ಬರಕ್ಕೆ ಹಿಂಡು ನಿಲ್ಲಿಸುವ ಹೊಲದವರನ್ನು ವಿಚಾರಿಸಿದರೆ ಮುಂದಿನ ಹೊಲ ಯಾವುದು ಅಂತ ಹೇಳುತ್ತಾರೆ. ಜನರಿಗೆ ಒಂದು ಟ್ರ್ಯಾಕ್ಸ್, ಸಾಮಾನಿಗೆ ಒಂದು ಟಾಟಾ ಏಸ್. ಸರ್ಕಾರಿ ಜೀಪಿನಲ್ಲಿ ಆಡು ಹತ್ತಿಸುವುದಿಲ್ಲ.

ಆಡು ಅಂದಾಗ ನಗಬೇಡಿ. ಎರಡನೆಯ ಒಲೆ ಎತ್ತಿದಾಗ ಗಬ್ಬದ ಆಡೊಂದು ಧಣಿಯ ಹಿತ್ತಲಲ್ಲೇ ಉಳಿಯಿತು. ಅಜ್ಜಿ ಮೂರು ರಾತ್ರಿ ನಿದ್ದೆ ಮಾಡದೆ ನಾಲ್ಕನೆಯ ದಿನ ಅದನ್ನು ತರಲು ಹೋದಳು. ಅಜ್ಜಿಯನ್ನು ಕರೆತರಲು ಮಗ ಹೋದ. ಮಗನನ್ನು ಬಿಡಿಸಲು ನಾವು ಹೋದೆವು. ಆಡಿನ ಬೆಲೆ ಆರು ಸಾವಿರ ಇದ್ದೀತು, ನಮಗೆ ಬಿದ್ದ ಖರ್ಚು ಹನ್ನೊಂದು ಸಾವಿರ.

ಮನೆಯ ಚಿಟ್ಟಿ, ಜಾಗದ ಉತಾರ ಧಣಿಯ ಪೆಟ್ಟಿಗೆಯಲ್ಲಿದ್ದರೆ, ಜೀತದ ಸಾಲಕ್ಕೆ ಒತ್ತೆ ಇಟ್ಟ ಆಸ್ತಿ ಬಿಡಿಸಿ ಕೊಡಬೇಕು ಅನ್ನುವ 7ನೆಯ ಕಲಂ ಹೇಳಿ ಅದೇ ದಿನ ಪಂಚನಾಮೆಯಲ್ಲಿ ಬರೆಸಿ ವಾಪಸ್ ಪಡೆಯಿರಿ. ಧಣಿ ಕೊಟ್ಟ ಗುಡಿಸಲಿನಿಂದ ಅವರನ್ನು ಹೊರಹಾಕುವ ಹಾಗಿಲ್ಲ ಅಂತ 8ನೆಯ ಕಲಂ ಇದೆ. ಹಕ್ಕು ಇದೆ ಅಂತ ಅಲ್ಲೇ ಇರಿಸಲು ಹೋಗಬೇಡಿ, ಬೋರಿನ ನೀರು ಅವನದು, ಕರೆಂಟು ಅವನದು. ಆದರೆ ಆ ಕಲಂ ಬಾಯಲ್ಲಿ ಇರಲಿ. ಮಾತುಕತೆಗೆ ತೂಕ ಬರುತ್ತದೆ.

ಎಲ್ಲಕ್ಕಿಂತ ಕಠಿಣ ಕಾಗದದ ಕೆಲಸವಲ್ಲ, ಉಪ್ಪಿನ ಮಾತು. "ಅವ್ವಗ ಆಪರೇಷನ್ ಆದಾಗ ರಾತ್ರೋರಾತ್ರಿ ರೊಕ್ಕ ಕೊಟ್ಟಾರ್ರಿ. ಅವರ ಉಪ್ಪು ಉಂಡು ಹಿಂಗ ಹೋದ್ರ ಹೆಂಗ?" ಈ ಮಾತಿಗೆ ಧಣಿಯನ್ನು ಬೈದು ಉತ್ತರ ಕೊಟ್ಟರೆ ಮಾತು ಅಲ್ಲಿಗೇ ಮುರಿಯುತ್ತದೆ. ರೊಕ್ಕ ಕೊಟ್ಟದ್ದು ಸುಳ್ಳಲ್ಲವಲ್ಲ. ನಾವು ಹೇಳುವುದು ಇಷ್ಟು: "ಸಾಲದ ಲೆಕ್ಕ ಕಾಯ್ದೆ ನೋಡಿಕೊಳ್ತೈತಿ. ಋಣದ ಲೆಕ್ಕ ನಿನ್ನದು, ಅದನ್ನ ನಾವು ಮುಟ್ಟೂದಿಲ್ಲ. ಆದರ ನಿನ್ನ ಋಣಕ್ಕ ನಿನ್ನ ಮಗ ಯಾಕ ಸಗಣಿ ಹೊರಬೇಕು?" ತಂದೆ ಕೊಟ್ಟ ಮಾತು ಮಗ ಉಳಿಸಬೇಕು ಅನ್ನುವವನಿಗೆ ಅವನ ಮಗನನ್ನೇ ತೋರಿಸಬೇಕು, ಬೇರೆ ದಾರಿ ನಮಗೆ ಸಿಕ್ಕಿಲ್ಲ. ಹೊರಬಂದ ಮೇಲೂ ಅಸಲು ಕೊಟ್ಟು ಬರುತ್ತೇನೆ ಅನ್ನುವವರು ಇದ್ದಾರೆ. ಕೊಡಬೇಡ, ಇಸಗೊಂಡರೆ ಅವರಿಗೇ ಕೇಸು, ಅಂದರೆ ಒಪ್ಪುತ್ತಾರೆ. ಧಣಿಗೆ ತೊಂದರೆ ಆಗಬಾರದು ಅಂತ ರೊಕ್ಕ ಉಳಿಸಿಕೊಂಡವರು ಇಬ್ಬರಿದ್ದಾರೆ.

ಬಿಡುಗಡೆ ಪತ್ರ ಕೈಗೆ ಬಂದಾಗ ಕಣ್ಣು ಒರೆಸಿಕೊಳ್ಳುವ ಮೊದಲು ಓದಿ. "ಇಂಥವನು ಮತ್ತು ಕುಟುಂಬ" ಅಂತ ಇದ್ದರೆ ಅಲ್ಲೇ ವಾಪಸ್ ಕೊಡಿ. ದುಡಿದ ಪ್ರತಿಯೊಬ್ಬರಿಗೂ ಬೇರೆ ಪತ್ರ, ಬೇರೆ ಫೋಟೊ. 2016ರ ಕೇಂದ್ರ ಯೋಜನೆಯಲ್ಲಿ ಪುನರ್ವಸತಿ ವಯಸ್ಕ ಗಂಡಸಿಗೆ 1 ಲಕ್ಷ, ಹೆಂಗಸು-ಮಕ್ಕಳಿಗೆ 2 ಲಕ್ಷ, ಮಾನವ ಸಾಗಣೆ, ಲೈಂಗಿಕ ಶೋಷಣೆಯಂಥ ಪ್ರಕರಣಕ್ಕೆ 3 ಲಕ್ಷ. ಗಂಡ, ಹೆಂಡತಿ, ಭಟ್ಟಿಯಲ್ಲಿ ದುಡಿದ ಇಬ್ಬರು ಮಕ್ಕಳು: ನಾಲ್ಕು ಪತ್ರ ಇದ್ದರೆ 7 ಲಕ್ಷ, "ಮತ್ತು ಕುಟುಂಬ" ಇದ್ದರೆ 1 ಲಕ್ಷ. ಎರಡು ಪದಕ್ಕೆ ಆರು ಲಕ್ಷ. ಹೆಸರಿನ ಅಕ್ಷರ ಆಧಾರಿಗೆ ಹೊಂದಬೇಕು. ಹೆಂಡತಿಯ ಹೆಸರಿಗೆ ಹೊಸ ಖಾತೆ, ಧಣಿಯ ಪರಿಚಯ ಇರುವ ಶಾಖೆ ಬೇಡ, ಅಂಚೆ ಕಚೇರಿ ಆದರೂ ಸರಿ.

ಆದರೆ ಆ ಏಳು ಲಕ್ಷದ ಆಸೆ ತೋರಿಸಿ ಯಾರನ್ನೂ ಹೊರಗೆ ಕರೆಯಬೇಡಿ. ಪೂರ್ತಿ ರೊಕ್ಕ ಧಣಿಗೆ ಕೋರ್ಟಿನಲ್ಲಿ ಶಿಕ್ಷೆ ಆಗುವುದಕ್ಕೆ ಗಂಟುಬಿದ್ದಿದೆ. ತಕ್ಷಣಕ್ಕೆ ಕೊಡುವುದು ಮೊದಲು 20 ಸಾವಿರ ಇತ್ತು, ಈಗ ತಲೆಗೆ 30 ಸಾವಿರದವರೆಗೆ. ನಮ್ಮ ಹನ್ನೊಂದು ಒಲೆಯಲ್ಲಿ ಪೂರ್ತಿ ಬಂದದ್ದು ಎರಡಕ್ಕೆ. ತಕ್ಷಣದ್ದೂ "ತಕ್ಷಣ" ಬರುವುದಿಲ್ಲ, ಬೇಗ ಅಂದರೆ ಐದು ವಾರ. ದುಡಿದ ಜಿಲ್ಲೆ ಒಂದು, ಊರ ಜಿಲ್ಲೆ ಇನ್ನೊಂದು ಆದರೆ ಕೇಳಲೇಬೇಡಿ: ಬಸ್ಸಿಗೆ ಒಂದೂವರೆ ತಾಸಿನ ದಾರಿ, ಕಡತಕ್ಕೆ ಎರಡೂವರೆ ತಿಂಗಳು ಹಿಡಿದದ್ದಿದೆ. ಮುದ್ದಾಂ ಕೈಯಲ್ಲಿ ಹಿಡಿದುಕೊಂಡು ಹೋಗಿ ಕೊಟ್ಟರೆ ಮಾತ್ರ ಸರಿ.

ಹಾಗಾಗಿ ಮೊದಲ ನಲವತ್ತು ದಿನ ನಮ್ಮ ಮೇಲೆ. ಒಂದು ಒಲೆಗೆ ಬಿದ್ದದ್ದು ಹೀಗೆ: ಎರಡು ಗಾಡಿ 4,000, ಜೋಳ ಒಂದು ಚೀಲ 3,500, ಎಣ್ಣಿ-ಬ್ಯಾಳಿ-ಖಾರ 2,500, ಪಾತ್ರೆ 1,500, ಫೋಟೊ-ಜೆರಾಕ್ಸ್-ಅಫಿಡವಿಟ್ 900, ದವಾಖಾನಿ 2,000, ನಾಲ್ಕು ವಾರದ ಸಂತಿ ರೊಕ್ಕ 4,000. ಒಟ್ಟು ಹದಿನೆಂಟೂವರೆ ಸಾವಿರದ ಒಳಗೆ. ಹಳೆಯ ಪದ್ಧತಿಯಲ್ಲಿ ಆಳಿಗೆ ಐದು ಸಾವಿರದಲ್ಲಿ ಮುಗಿಯುತ್ತಿತ್ತು ಅನ್ನುತ್ತಾರೆ. ಮುಗಿಯುತ್ತಿರಲಿಲ್ಲ, ಎರಡೆರಡು ಸಲ ಬಿಡಿಸಬೇಕಾಗುತ್ತಿತ್ತು. ಸಂತಿ ರೊಕ್ಕ ಕೊಡುವುದನ್ನು ಮರೆಯಬೇಡಿ. ಚೀಲ ತುಂಬ ಜೋಳ ಇದ್ದರೂ ಸಂತೆಯ ದಿನ ಕೈ ಬರಿದಿದ್ದರೆ ಮನಸ್ಸು ಹಳೇ ಕಡೆ ವಾಲುತ್ತದೆ, ಅಲ್ಲಿ ಪ್ರತಿ ವಾರ ಆ ದಿನಕ್ಕೆ ತಪ್ಪದೆ ಸಾವಿರ ಸಿಗುತ್ತಿತ್ತು. ಎಲೆ-ಅಡಕಿ, ಕೂಸಿಗೆ ಮಂಡಕ್ಕಿ, ಅಷ್ಟೇ ಬೇಕಾಗಿರುವುದು.

ನಡುವೆ ಬೇರೆ ಪ್ರಯೋಗಗಳೂ ಆದವು. ಸಂಘದ ಸಾಲ ಕೊಡಿಸಿ ಧಣಿಯ ಕಡೆ ಹೋಗದಂತೆ ಮಾಡೋಣ ಅಂತ ಮೂರು ಒಲೆಗೆ ನೋಡಿದೆವು. ವಾರದ ಕಂತು ತಪ್ಪಿದಾಗ ಒಬ್ಬಳು ಕಂತು ತುಂಬಲು ಧಣಿಯ ಹತ್ತಿರವೇ ಕೈಯೊಡ್ಡಿದಳು. ಕೈಬಿಟ್ಟೆವು. ಉದ್ಯೋಗ ಖಾತ್ರಿಯ ಜಾಬ್ ಕಾರ್ಡು ಮೊದಲ ವಾರವೇ ಮಾಡಿಸಿದ್ದು ಒಳ್ಳೆಯದಾಯಿತು, ಆಗ ದಿನಕ್ಕೆ 349 ಇತ್ತು. 123ರ ಪಕ್ಕದಲ್ಲಿ ಅದನ್ನು ಕಂಡಾಗ ಅವರಿಗೇ ಲೆಕ್ಕ ತಿಳಿಯಿತು. ಆದರೆ ಕೂಲಿ ಖಾತೆಗೆ ಬರಲು ತಡ, ಮೊದಲ ತಿಂಗಳಿಗೆ ಅದನ್ನು ನಂಬುವ ಹಾಗಿಲ್ಲ. ಹೊಲಿಗೆ ಯಂತ್ರ ಎರಡು ಕೊಟ್ಟಿದ್ದೆವು, ಎರಡೂ ಮಾರಾಟವಾದವು. ಆಡು ಕೊಟ್ಟ ಮೂರು ಒಲೆಯಲ್ಲಿ ಎರಡು ಕಡೆ ಈಗ ಏಳೆಂಟು ಆಗಿವೆ. ಗೊತ್ತಿದ್ದ ಕೆಲಸವೇ ಕೈ ಹಿಡಿಯುತ್ತದೆ, ಯೋಜನೆಯ ಪುಸ್ತಕದಲ್ಲಿ ಏನೇ ಇರಲಿ.

ವಾಪಸ್ ಹೋದ ಆ ಒಂದು ಒಲೆ. ಶಿರಹಟ್ಟಿ ಕಡೆಯದು. ಹಾಳೆ ಸರಿ ಇತ್ತು, ಪತ್ರ ಐದೂ ಬಂದಿದ್ದವು, ಆಡು ಸಹ ಬಂದಿತ್ತು. ಎರಡು ತಿಂಗಳಿಗೆ ಗಂಡ-ಹೆಂಡತಿ ಮತ್ತೆ ಅದೇ ಹೊಲದಲ್ಲಿ. ಕೆದಕಿದಾಗ ಗೊತ್ತಾದದ್ದು: ಬೇರೆ ಊರಿಗೆ ಕೊಟ್ಟ ಹಿರಿಮಗಳು. ಅವಳ ಗಂಡ ಅದೇ ಧಣಿಯ ಹತ್ತಿರ 15 ಸಾವಿರ ತೆಗೆದಿದ್ದ, ಮಾವನ ಮುಖ ನೋಡಿ ಕೊಟ್ಟದ್ದು. ಇವರು ಹೊರಬಿದ್ದ ಮೇಲೆ ಅಳಿಯನನ್ನು ಹಿಡಿದರು, ಅಳಿಯ ಮಗಳನ್ನು ತವರಿಗೆ ಅಟ್ಟುತ್ತೇನೆ ಅಂದ. ಅವಳ ಒಲೆ ಬೇರೆ, ಊರು ಬೇರೆ, ನಮ್ಮ ಹಾಳೆಯಲ್ಲಿ ಅವಳಿಗೆ ಜಾಗವೇ ಇರಲಿಲ್ಲ. ಈಗ ಪಟ್ಟಿಗೆ ಎಂಟನೆಯ ಕಾಲಂ ಬಂದಿದೆ: ಕೊಟ್ಟ ಹೆಣ್ಣುಮಕ್ಕಳು, ಅವರ ಗಂಡಂದಿರು ಯಾರ ಹತ್ತಿರ ಏನು ತೆಗೆದಿದ್ದಾರೆ. ಶಿರಹಟ್ಟಿಯ ಹಾಳೆಯನ್ನು ಮೊದಲಿನಿಂದ ತುಂಬುತ್ತಿದ್ದೇವೆ. ಈ ಸಲ ಎರಡು ಒಲೆ, ಒಂದೇ ದಿನ, ಗಾಡಿ ಮೂರು ಬೇಕಾಗುತ್ತವೆ.